ಬಾಳಿಕೆ ಬರುವ ಬಟ್ಟೆ

ಜೂನ್ ತಿಂಗಳಲ್ಲಿ ಶಾಲೆಗಳು ಪುನಃ ಆರಂಭವಾಗುವ ಹೊತ್ತಿಗೆ ಲಿಂಗಸುಗೂರು, ಮುದಗಲ್ಲ, ಮಸ್ಕಿ, ಸಿಂಧನೂರುಗಳ ದರ್ಜಿ ಅಂಗಡಿಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ದೀಪ ಉರಿಯುತ್ತಿರುತ್ತದೆ. ಮುಂಗಾರಿಗೆ ಬೀಜ ಗೊಬ್ಬರ ಕೊಳ್ಳುವ ಕಾಲವೂ ಮಕ್ಕಳಿಗೆ ಸಮವಸ್ತ್ರ ಹೊಲಿಸುವ ಕಾಲವೂ ಈ ಸೀಮೆಯಲ್ಲಿ ಒಂದೇ ಆಗಿರುವುದರಿಂದ ಒಕ್ಕಲು ಮನೆಗಳಲ್ಲಿ ಬಟ್ಟೆಗೆಂದು ಉಳಿಯುವ ಹಣ ಸಹಜವಾಗಿಯೇ ಸ್ವಲ್ಪ. ಹಾಗೆ ಹೊಲಿಸಿದ ಚಡ್ಡಿಯು ದೀಪಾವಳಿಯ ಹೊತ್ತಿಗೆ ಹಿಂಭಾಗದಲ್ಲಿ ಸವೆದು, ಸಂಕ್ರಮಣದ ಹೊತ್ತಿಗೆ ಹರಿದರೆ, ಮುಂದಿನ ಜೂನ್‌ವರೆಗೆ ಇನ್ನೊಂದು ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತು, ಕರಿಹಲಗೆಯ ಬಳಿಗೆ ಕರೆದರೆ ಎದ್ದು ಬರಲು ಒಲ್ಲದ ಹುಡುಗನ ಸಂಕೋಚಕ್ಕೆ ಪಾಠ ಬಾರದಿರುವುದೇ ಕಾರಣವಲ್ಲವೆಂಬುದನ್ನು ಅನುಭವವುಳ್ಳ ಉಪಾಧ್ಯಾಯರು ಬಲ್ಲರು.

ಬಟ್ಟೆ ಹರಿಯುವುದು ಸಹಜ. ಅದಕ್ಕಾಗಿ ದುಃಖಿಸಬೇಕಾದ ಕಾರಣವಿಲ್ಲ. ಹರಿದುದನ್ನು ಮತ್ತೆ ಹೊಲಿದು ತೊಡಲು ಬರುವುದೋ ಇಲ್ಲವೋ ಎಂಬುದೇ ವಿಚಾರ ಮಾಡತಕ್ಕ ಸಂಗತಿ. ದುರಸ್ತಿ ಎಂಬುದು ಹರಿದ ಮೇಲೆ ಹುಟ್ಟುವ ಯೋಚನೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ನೇಕಾರನು ಹಾಸು ಹೂಡುವಾಗಲೇ, ದರ್ಜಿಯು ಬಟ್ಟೆಯ ಮೇಲೆ ಸುಣ್ಣದ ಗೆರೆ ಎಳೆಯುವಾಗಲೇ ಬಹುಮಟ್ಟಿಗೆ ನಿರ್ಣಯವಾಗಿ ಹೋಗಿರುತ್ತದೆ. ಒಳಗೆ ಬಟ್ಟೆ ಬಿಡದೆ ಕತ್ತರಿಸಿದ ಅಂಗಿಯನ್ನು ಎಂಥ ನಿಪುಣ ದರ್ಜಿಯೂ ಸಡಿಲಿಸಲಾರನು. ಈ ದೃಷ್ಟಿಯಿಂದ ಕನ್ನಡ ನಾಡಿನ, ವಿಶೇಷತಃ ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಹಾಗೂ ಅದರ ನೆರೆಹೊರೆಯ ಉಡುಗೆತೊಡುಗೆಗಳನ್ನು ಪರಿಶೀಲಿಸಿದರೆ, ಹಿಂದಿನವರು ಬಟ್ಟೆಯ ಮುಪ್ಪನ್ನು ಅದರ ಹುಟ್ಟಿನಲ್ಲಿಯೇ ಯೋಚಿಸುತ್ತಿದ್ದರೆಂಬುದು ಕಂಡುಬರುತ್ತದೆ.

ನೂಲುವ, ನೇಯುವ, ಹೊಲಿಯುವ, ಒಗೆಯುವ ಕಸುಬುಗಳಿಗೆ ಈ ನಾಡಿನಲ್ಲಿ ದೊರೆತಿರುವ ಗೌರವವೂ ಅಲ್ಪವಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕದಿರ ರೆಮ್ಮವ್ವೆ ನೂಲುವವಳು, ಸೂಜಿಕಾಯಕದ ರಾಮಿತಂದೆ ಹೊಲಿಯುವವನು, ಮಡಿವಾಳ ಮಾಚಯ್ಯ ಒಗೆಯುವವನು. ಅವರಿಗಿಂತ ಹಿಂದಿನವನೆಂದು ಹೇಳಲಾಗುವ ಜೇಡರ ದಾಸಿಮಯ್ಯನು ಸುರಪುರ ಸೀಮೆಯ ಮುದನೂರಿನವನು. ಎಂದರೆ ಲಿಂಗಸುಗೂರಿಗೆ ಕೃಷ್ಣೆಯಾಚೆಯ ನೆರೆಯವನು. ಅವನು ಬಹುಕಾಲ ಶ್ರಮಿಸಿ ನೇಯ್ದ ಬಟ್ಟೆಯನ್ನು ಮುದುಕನ ವೇಷದಲ್ಲಿ ಬಂದ ಶಿವನು ಬೇಡಿ ಪಡೆದು, ಅವನ ಕಣ್ಣೆದುರಿಗೇ ಹರಿದು ಚೂರುಮಾಡಿದನೆಂದೂ, ದಾಸಿಮಯ್ಯನು ಸಿಟ್ಟಾಗಲಿಲ್ಲವೆಂದೂ ಕಥೆಯಿದೆ. ಕಥೆ ಭಕ್ತಿಯದು. ಆದರೂ ನೇಕಾರನ ಸಹನೆಯನ್ನು ಪರೀಕ್ಷಿಸಲು ಬಟ್ಟೆ ಹರಿಯುವುದಕ್ಕಿಂತ ಕಠಿಣವಾದ ಪರೀಕ್ಷೆ ಕಥೆ ಕಟ್ಟಿದವರಿಗೆ ತೋಚಲಿಲ್ಲವೆಂಬುದು ಗಮನಿಸತಕ್ಕ ಮಾತು.

ಇನ್ನು ಬಟ್ಟೆಯ ವಿಚಾರ. ಲಿಂಗಸುಗೂರಿನಿಂದ ಮುದಗಲ್ಲ ದಾಟಿ ಪಡುವಣಕ್ಕೆ ಸಾಗಿದರೆ ಇಳಕಲ್ಲು ಬರುತ್ತದೆ. ಅಲ್ಲಿಯ ಸೀರೆಯನ್ನು ಅದರ ಅಂದಕ್ಕಾಗಿ ಹೊಗಳುವವರು ಬಹಳ. ಅದರ ಗಟ್ಟಿತನದ ಗುಟ್ಟನ್ನು ವಿವರಿಸುವವರು ವಿರಳ. ಸಾಂಪ್ರದಾಯಿಕ ಇಳಕಲ್ಲು ಸೀರೆಯ ಒಡಲು ಹತ್ತಿಯದು, ದಡಿ ಮತ್ತು ಸೆರಗು ರೇಷ್ಮೆಯವು. ಕಾಲಾಂತರದಲ್ಲಿ ಕೃತಕ ರೇಷ್ಮೆಯೂ ಬಳಕೆಗೆ ಬಂದಿತು. ಉಡುವಾಗ ನೆಲಕ್ಕೆ, ಕಾಲ್ಗಡಗಕ್ಕೆ, ಹೊಲದ ಜೋಳದ ಕೂಳೆಗೆ ತಗಲುವುದು ದಡಿ. ಹೆಗಲ ಮೇಲೆ ಬಿದ್ದು, ತಲೆಯ ಮೇಲೆ ಸರಿದು, ಬುತ್ತಿ ಗಂಟು ಕಟ್ಟಲು, ಮಗುವಿನ ಮೋರೆ ಒರೆಸಲು ಒದಗುವುದು ಸೆರಗು. ಹೆಚ್ಚು ಪೆಟ್ಟು ತಿನ್ನುವ ಈ ಎರಡು ಭಾಗಗಳನ್ನೇ ಹೆಚ್ಚು ಗಟ್ಟಿಯಾಗಿಯೂ ಒತ್ತಾಗಿಯೂ ನೇಯಲಾಗುತ್ತದೆ. ಚಿಕ್ಕಿ, ಗೋಮಿ, ಪರಾಸಪೇಟ, ಗಾಡಿ ದಡಿ ಎಂದು ದಡಿಗಳಿಗೆ ಬಗೆಬಗೆಯ ಹೆಸರುಗಳಿದ್ದರೂ ಅವೆಲ್ಲವುಗಳ ಮೊದಲ ಕರ್ತವ್ಯ ಸೀರೆಯ ಅಂಚನ್ನು ಕಾಯುವುದು.

ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ ಎಂದ ಮೇಲೆ ಇವೆರಡನ್ನು ಕೂಡಿಸುವುದು ಹೇಗೆ? ಎರಡು ತುಂಡುಗಳನ್ನು ಸೂಜಿಯಿಂದ ಹೊಲಿದರೆ ಆ ಹೊಲಿಗೆ ಒಂದು ದಿನ ಬಿಚ್ಚಲೇಬೇಕು. ಇಳಕಲ್ಲಿನ ನೇಕಾರರು ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕುಣಿಕೆಯೊಳಗೆ ಕುಣಿಕೆಯಾಗಿ ತೊಡಿಸುತ್ತಾರೆ. ಮಗ್ಗದ ಮೇಲೆಯೇ ಆಗುವ ಈ ಜೋಡಣೆ ಹೊಲಿಗೆಯಲ್ಲ, ಗಂಟೂ ಅಲ್ಲ. ಎರಡು ಕೈಗಳ ಬೆರಳುಗಳು ಹೆಣೆದುಕೊಂಡಂತೆ. ತೋಪು ತೆನೆ ಸೆರಗೆಂದು ಹೆಸರಾದುದು ಈ ಬಗೆಯದು. ಜಗ್ಗಿದಷ್ಟೂ ಕುಣಿಕೆಗಳು ಒಂದಕ್ಕೊಂದು ಬಿಗಿಯಾಗುತ್ತವೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಒಂದು ಸೀರೆಗೆ ಇಂಥ ಸಾವಿರಾರು ಕುಣಿಕೆಗಳನ್ನು ಕೈಯಿಂದ ಹಾಕಬೇಕಾಗುವುದರಿಂದ ತಾಳ್ಮೆಯ ಕೆಲಸವಿದು. ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಗಳಲ್ಲಿ ಈ ಜೋಡಣೆಯೇ ಇರುವುದಿಲ್ಲ. ಬಣ್ಣ ಮಾತ್ರ ಇಳಕಲ್ಲಿನದು.

ಹೊಲಿಯದ ಉಡುಪಿನಲ್ಲಿ ಇನ್ನೂ ಒಂದು ಜಾಣತನವಿದೆ. ಸೀರೆ, ಧೋತರಗಳ ಎರಡೂ ಉದ್ದಂಚುಗಳು ಮಗ್ಗದಲ್ಲಿಯೇ ಮುಚ್ಚಿ ಬಂದಿರುವುದರಿಂದ ಅಲ್ಲಿ ಎಳೆ ಬಿಚ್ಚುವ ಭಯವಿಲ್ಲ. ಮೈ ತುಂಬಿದರೂ ಸೊರಗಿದರೂ ಉಡುಪು ಬಿಗಿಯಾಗುವುದಿಲ್ಲ, ಸಡಿಲವಾಗುವುದಿಲ್ಲ. ಅತ್ತೆಯದು ಸೊಸೆಗೆ, ಅಕ್ಕನದು ತಂಗಿಗೆ ಆಗುತ್ತದೆ. ಒಡಲಿನಲ್ಲಿ ಒಳಮೈ ಹೊರಮೈ ಭೇದವಿಲ್ಲದ ಸೀರೆಯನ್ನು ಮಗುಚಿ ಉಟ್ಟರೆ ಸೆರಗು ತನ್ನ ಸ್ಥಾನದಲ್ಲಿಯೇ ಉಳಿದು, ನಿನ್ನೆ ಟೊಂಕದಲ್ಲಿ ಸಿಕ್ಕಿಸಿದ್ದ ದಡಿ ಇಂದು ಕಾಲ ಬಳಿಗೆ ಬರುತ್ತದೆ. ಹೀಗೆ ಎರಡು ದಡಿಗಳು ಸರದಿಯ ಮೇಲೆ ಸವೆದರೆ ಸೀರೆಯ ಆಯುಷ್ಯ ಎಷ್ಟು ಹೆಚ್ಚುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ ಸೀಮೆಯ ಕಸೂತಿಯೂ ಈ ಪದ್ಧತಿಗೆ ಹೊಂದುವಂಥದೇ. ಅದರ ನಾಲ್ಕು ಬಗೆಗಳಾದ ಗವಂತಿ, ಮುರ್ಗಿ, ನೇಯ್ಗಿ, ಹೆಂತಿಗಳಲ್ಲಿ ಮೊದಲೆರಡು ಬಟ್ಟೆಯ ಎರಡೂ ಮೈಗಳಲ್ಲಿ ಒಂದೇ ತೆರನಾಗಿ ಕಾಣುತ್ತವೆ. ದಾರಕ್ಕೆ ಗಂಟು ಹಾಕುವ ರೂಢಿಯಿಲ್ಲವಾದ್ದರಿಂದ ಹಿಂಬದಿಯಲ್ಲಿ ಬಳೆಗೆ, ಉಗುರಿಗೆ ಸಿಕ್ಕಿಕೊಳ್ಳುವಂಥದೇನೂ ಉಳಿಯುವುದಿಲ್ಲ.

ಇಷ್ಟಾದರೂ ಸೀರೆ ಕೂಡುವ ಕಡೆಯಲ್ಲಿ, ಮೊಳಕಾಲಿನ ಕಡೆಯಲ್ಲಿ ತೆಳುವಾಗುತ್ತದೆ. ಎಂಟು ಒಂಬತ್ತು ಗಜದ ಸೀರೆಯಾದರೆ ಸವೆದ ಒಂದು ಮೊಳವನ್ನು ಅಡ್ಡಲಾಗಿ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಿದ್ದರು. ಉದ್ದ ಕೊಂಚ ಕುಗ್ಗಿತಾದರೂ ಉಡುವುದಕ್ಕೆ ಸಾಲುತ್ತಿತ್ತು. ಹೊಲಿಗೆ ನೆರಿಗೆಯೊಳಗೆ ಅಡಗುತ್ತಿತ್ತು. ಹಾಸುವ ಹೊದೆಯುವ ಬಟ್ಟೆಗೆ ಬೇರೆ ಉಪಾಯ. ಅದು ಸವೆಯುವುದು ನಟ್ಟನಡುವೆ. ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಗಟ್ಟಿಯಾಗಿ ಉಳಿದ ಹೊರ ಅಂಚುಗಳನ್ನು ಒಳಗೆ ತಂದು ಕೂಡಿಸಿ, ತೆಳುವಾದ ನಡುಭಾಗವನ್ನು ಹೊರಕ್ಕೆ ಕಳುಹಿಸಿದರೆ ಬಟ್ಟೆಗೆ ಎರಡನೆಯ ಜನ್ಮ. ಗಜಗಟ್ಟಲೆ ಬಟ್ಟೆ ಇರುವುದರಿಂದಲೇ ಇದು ಸಾಧ್ಯ. ಉದ್ದದ ಸೀರೆಯನ್ನು ವ್ಯರ್ಥವೆಂದು ಹಳಿಯುವವರು ಈ ಲೆಕ್ಕವನ್ನು ಹಿಡಿದಿರುವುದಿಲ್ಲ.

ಬಟ್ಟೆಯ ಬಾಳಿಕೆಗೆ ನೂಲೇ ಮೂಲ. ನೂಲಿನ ನಂಬರೆಂಬುದು ಒಂದು ಪೌಂಡ್ ತೂಕದಲ್ಲಿ 840 ಗಜಗಳ ಎಷ್ಟು ಲಡಿಗಳು ಬರುತ್ತವೆಂಬುದರ ಎಣಿಕೆ. ಆದುದರಿಂದ 20 ನಂಬರಿನ ನೂಲು ದಪ್ಪ, 60 ನಂಬರಿನದು ಸಣ್ಣ. ದೊಡ್ಡ ನಂಬರು ಮೇಲ್ತರದ್ದೆಂಬ ಭ್ರಮೆ ಕೊಳ್ಳುವವರಲ್ಲಿದೆ. ನಯಕ್ಕೆ ಅದು ನಿಜ, ದುಡಿಮೆಯ ಬಟ್ಟೆಗೆ ನಿಜವಲ್ಲ. ದಪ್ಪ ನೂಲಿನಲ್ಲಿ, ಅದಕ್ಕಿಂತಲೂ ಎರಡು ಎಳೆಗಳನ್ನು ಹುರಿಮಾಡಿದ ನೂಲಿನಲ್ಲಿ, ಉಜ್ಜಿ ಕಳೆಯಲು ಹೆಚ್ಚು ತಂತುಗಳಿರುತ್ತವೆ. ನೇಯ್ಗೆಯೂ ಹಾಗೆಯೇ. ಒಂದು ಮೇಲೆ ಒಂದು ಕೆಳಗೆ ಎಂಬ ಸಾದಾ ನೇಯ್ಗೆಯ ಬಟ್ಟೆ ಒಮ್ಮೆ ಸೀಳಿತೆಂದರೆ ಸರ್ರನೆ ಸೀಳುತ್ತ ಹೋಗುತ್ತದೆ. ಓರೆಗೆರೆ ಕಾಣುವ ಡ್ರಿಲ್ಲು ಬಟ್ಟೆಯಲ್ಲಿ ಎಳೆಗಳಿಗೆ ಸರಿದಾಡಲು ಸ್ವಲ್ಪ ಎಡೆಯಿರುವುದರಿಂದ, ಜಗ್ಗಿದ ಕಡೆಗೆ ಅವು ಗುಂಪಾಗಿ ನಿಂತು ಸೀಳನ್ನು ತಡೆಯುತ್ತವೆ. ಪೊಲೀಸರ ಉಡುಪಿಗೂ ಹುಡುಗರ ಚಡ್ಡಿಗೂ ಡ್ರಿಲ್ಲು ಬಟ್ಟೆಯನ್ನು ಆರಿಸಿದ ಹಿಂದಿನವರು ಸುಮ್ಮನೆ ಆರಿಸಿರಲಿಲ್ಲ.

ಈ ಸೀಮೆಯ ಎರೆಹೊಲಗಳಲ್ಲಿ ಹತ್ತಿಯೇನೂ ಕಡಿಮೆಯಿರಲಿಲ್ಲ. ಜಯಧರದಂಥ ದೇಶೀ ತಳಿಗಳು ಗಿಡ್ಡ ಎಳೆಯವು. ದಪ್ಪ ನೂಲಿಗೆ, ಕೈನೂಲಿಗೆ ತಕ್ಕವು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಸಂಕರ ತಳಿಯೂ, 2002ರ ನಂತರ ಬಂದ ಬಿಟಿ ಹತ್ತಿಯೂ ಗಿರಣಿಗೆ ಬೇಕಾದ ಉದ್ದ ಎಳೆಯನ್ನು ತಂದುಕೊಟ್ಟವು. ಉದ್ದ ಎಳೆಯ ನೂಲು ಬಲವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಬಲವನ್ನು ಗಿರಣಿಗಳು ಬಟ್ಟೆಯನ್ನು ಗಟ್ಟಿಮಾಡಲು ಬಳಸುವುದಕ್ಕಿಂತ ನೂಲನ್ನು ಇನ್ನಷ್ಟು ಸಣ್ಣಗೆ ತೆಗೆಯಲು ಬಳಸುವುದೇ ಹೆಚ್ಚು.

ಹೊಲಿದ ಉಡುಪಿಗೆ ಬಂದರೆ, ಒಕ್ಕಲಿಗರು ತೊಡುತ್ತ ಬಂದ ಅಗಲವಾದ ಅಂಗಿಯನ್ನು ಮಾದರಿಯಾಗಿ ನೋಡಬಹುದು. ಮುಂದೆ ಒಂದು, ಹಿಂದೆ ಒಂದು ನೀಳವಾದ ತುಂಡು, ಪಕ್ಕಗಳಿಗೆ ಕಳಿಗಳು, ನೇರವಾದ ತೋಳುಗಳು, ಕಂಕುಳಲ್ಲಿ ಒಂದೊಂದು ಚೌಕ ತುಂಡು. ನೇಗಿಲು ಹಿಡಿದ, ಮೂಟೆ ಎತ್ತುವ ಕೈ ಮೇಲೆ ಹೋದಾಗ ಅಂಗಿ ಮೊದಲು ಜಗ್ಗುವುದು ಕಂಕುಳಲ್ಲಿ. ಆ ಚೌಕ ತುಂಡು ಜಗ್ಗುವಿಕೆಯನ್ನು ನಾಲ್ಕು ಕಡೆಗೆ ಹಂಚುತ್ತದೆ. ಬೆವರು ಮೊದಲು ತಿನ್ನುವುದೂ ಅದನ್ನೇ. ತಿಂದರೆ ಆ ಒಂದು ಗೇಣು ಬಟ್ಟೆಯನ್ನು ಬಿಚ್ಚಿ ಬೇರೊಂದನ್ನು ಕೂಡಿಸಿದರಾಯಿತು, ತೋಳು ಬಿಚ್ಚಬೇಕಾಗಿಲ್ಲ. ಎಲ್ಲ ತುಂಡುಗಳೂ ಹೆಚ್ಚುಕಡಿಮೆ ನೇರ ಗೆರೆಯವಾದ್ದರಿಂದ ಕತ್ತರಿಸುವಾಗ ಚೂರು ಬೀಳುವುದು ಕಡಿಮೆ. ಯಾವ ತುಂಡನ್ನಾದರೂ ಬದಲಿಸುವುದು ಸುಲಭ. ಗುಳೇದಗುಡ್ಡದ ಖಣದಿಂದ ಹೊಲಿಯುವ ಕುಬಸದ ಲೆಕ್ಕವೂ ಇಂಥದೇ: ಒಂದು ಕುಬಸಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆಯ ತುಂಡನ್ನು ದಡಿಸಹಿತ ನೇಯುತ್ತಾರೆ, ಆ ದಡಿಯೇ ತೋಳಿನ ಅಂಚನ್ನು ಕಾಯುತ್ತದೆ.

ದರ್ಜಿಗಳಲ್ಲಿ ಹಳಬರು ಪಾಲಿಸುವ ಒಂದು ನಿಯಮ ಹೊರಗಿನವರಿಗೆ ವಿಚಿತ್ರವಾಗಿ ತೋರೀತು. ಹೊಲಿಯುವ ದಾರ ಬಟ್ಟೆಗಿಂತ ಗಟ್ಟಿಯಿರಬಾರದು. ಮೇಲುನೋಟಕ್ಕೆ ಇದು ಜಿಪುಣತನವೆನಿಸುತ್ತದೆ. ಆದರೆ ಬಟ್ಟೆಯ ಮೇಲೆ ಮಿತಿಮೀರಿದ ಎಳೆತ ಬಿದ್ದಾಗ ಯಾವುದಾದರೂ ಒಂದು ಸೋಲಲೇಬೇಕು. ದಾರ ಸೋತರೆ ಹೊಲಿಗೆ ಬಿಚ್ಚುತ್ತದೆ, ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು. ದಾರ ಗೆದ್ದರೆ ಬಟ್ಟೆಯೇ ಹೊಲಿಗೆಯ ಪಕ್ಕದಲ್ಲಿ ಸೀಳುತ್ತದೆ, ಅದಕ್ಕೆ ಪೂರ್ಣ ಚಿಕಿತ್ಸೆಯಿಲ್ಲ. ತೆಳು ಹತ್ತಿಬಟ್ಟೆಯನ್ನು ನೈಲಾನ್ ದಾರದಿಂದ ಹೊಲಿದ ಉಡುಪುಗಳು ಸೀಳುವ ಬಗೆಯನ್ನು ನೋಡಿದರೆ ಈ ಮಾತಿನ ಸತ್ಯ ತಿಳಿಯುತ್ತದೆ.

ಹೊಲಿಗೆಯ ಜಾತಿಯೂ ಮುಖ್ಯ. ಸಾಮಾನ್ಯ ಕಾಲ್ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಂದು ಕಡೆ ತುಂಡಾದರೆ ಅಷ್ಟೇ ಜಾಗ ಬಿಚ್ಚುತ್ತದೆ. ಸರಪಳಿ ಹೊಲಿಗೆಯಾದರೆ ಒಂದು ತುದಿ ಸಿಕ್ಕಿತೆಂದರೆ ಗೊಬ್ಬರದ ಚೀಲದ ಬಾಯಿ ಬಿಚ್ಚಿದಂತೆ ಪೂರ್ಣ ಬಿಚ್ಚಿಹೋಗುತ್ತದೆ. ಸಿದ್ಧ ಉಡುಪಿನ ಕಾರಖಾನೆಗಳಲ್ಲಿ ರೂಢವಾದ ಓವರ್‌ಲಾಕ್ ಯಂತ್ರವು ಹೊಲಿಯುತ್ತಲೇ ಹೊರಗಿನ ಬಟ್ಟೆಯನ್ನು ಕತ್ತರಿಸಿ ಎಸೆಯುತ್ತದೆ. ಕೆಲಸ ಬೇಗ, ಅಂಚು ಚೆಂದ. ಆದರೆ ಒಳಗೆ ಉಳಿಯುವುದು ಅರ್ಧ ಬೆರಳಿನಷ್ಟೂ ಇಲ್ಲದ ಬಟ್ಟೆ. ಅದನ್ನು ಸಡಿಲಿಸುವ ಮಾತೇ ಇಲ್ಲ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯುವ ಹಳೆಯ ಪದ್ಧತಿಗೆ ಹೊತ್ತು ಹೆಚ್ಚು ಬೇಕು, ಬಟ್ಟೆಯೂ ಹೆಚ್ಚು ಬೇಕು, ಬಾಳಿಕೆಯೂ ಹೆಚ್ಚು.

ಎಲ್ಲ ಕಡೆಗೂ ಸಮನಾಗಿ ಗಟ್ಟಿ ಮಾಡಬೇಕಾಗಿಲ್ಲ, ಪೆಟ್ಟು ಬೀಳುವ ಕಡೆ ಗಟ್ಟಿ ಮಾಡಿದರೆ ಸಾಕು ಎಂಬ ತತ್ತ್ವದಿಂದ ಜಗತ್ಪ್ರಸಿದ್ಧವಾದ ಉಡುಪೊಂದು ಹುಟ್ಟಿತು. ಅಮೆರಿಕೆಯ ನೆವಾಡಾ ಪ್ರಾಂತದ ರೀನೋ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ಕೂಲಿಗಾರರ ಷರಾಯಿಗಳು ಜೇಬಿನ ಮೂಲೆಯಲ್ಲಿಯೇ ಹರಿಯುವುದನ್ನು ಕಂಡು ಅವನು ಆ ಮೂಲೆಗಳಿಗೆ ತಾಮ್ರದ ಮೊಳೆ ಬಡಿದನು. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರೌಸನೊಡನೆ ಸೇರಿ ಅವನು ಅದಕ್ಕೆ 1873ರ ಮೇ 20ರಂದು ಹಕ್ಕುಪತ್ರ ಪಡೆದನು. ಅದೇ ಇಂದಿನ ಜೀನ್ಸ್. ತಾಮ್ರದ ಮೊಳೆ ಇಲ್ಲದ ಕಡೆ ಜೇಬಿನ ಮೂಲೆಗೆ ನಾಲ್ಕು ಟಾಕಾ ಹೆಚ್ಚು ಹಾಕಿದರೂ ಕೆಲಸ ಆಗುತ್ತದೆ.

ಇದೇ ತತ್ತ್ವಕ್ಕೆ ಹುಬ್ಬಳ್ಳಿಯಲ್ಲಿ ಇನ್ನೂ ಗೌರವದ ಉದಾಹರಣೆಯಿದೆ. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಅದರ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುತ್ತದೆ. ಗಾಳಿಗೆ ಹಾರುವ ಧ್ವಜದ ಒಡಲು ತೆಳುವಾದ ಖಾದಿಯದು. ಹಗ್ಗ ಹಾಯುವ ಪಕ್ಕದ ಪಟ್ಟಿ ಮಾತ್ರ ಡಕ್ ಎಂಬ ಒರಟು ದಪ್ಪ ಖಾದಿಯದು. ಎಳೆತವೆಲ್ಲ ಅಲ್ಲಿಯೇ ಬೀಳುವುದರಿಂದ ಈ ವ್ಯವಸ್ಥೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರಿಗೂ ಯಂತ್ರದಲ್ಲಿ ನೇಯ್ದ ಬಟ್ಟೆಗೂ ಅನುಮತಿ ನೀಡಿದ ಮೇಲೆ ಅಲ್ಲಿಯ ನೂಲುವ, ಹೊಲಿಯುವ ಹೆಣ್ಣುಮಕ್ಕಳ ಕೆಲಸಕ್ಕೆ ಕುತ್ತು ಬಂದುದು ವಿಷಾದದ ಸಂಗತಿ.

ತೇಪೆಯ ಕೆಲಸದಲ್ಲಿಯೂ ಶಾಸ್ತ್ರವಿದೆ. ಹೊಸ ಬಟ್ಟೆಯನ್ನು ಹಾಗೆಯೇ ಹಳೆಯದಕ್ಕೆ ಹಚ್ಚಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲಿನ ಬಟ್ಟೆಯನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ ತೇಪೆಯ ಬಟ್ಟೆಯನ್ನು ಮೊದಲು ಎರಡು ಮೂರು ಸಲ ನೆನೆಸಿ ಒಣಗಿಸಬೇಕು. ತೇಪೆಯ ಎಳೆಗಳ ದಿಕ್ಕು ಮೂಲ ಬಟ್ಟೆಯ ಎಳೆಗಳ ದಿಕ್ಕಿಗೆ ಹೊಂದಬೇಕು. ತೂತಿನ ಅಂಚಿಗೆ ಅಲ್ಲ, ಅದರಾಚೆ ಬಟ್ಟೆ ಗಟ್ಟಿಯಾಗಿರುವ ಕಡೆಗೆ ಹೊಲಿಗೆ ಬೀಳಬೇಕು. ತೆಳುವಾದ ಕಡೆ ಹೊಲಿದರೆ ತೇಪೆ ಉಳಿದು ಬಟ್ಟೆ ಹೋಗುತ್ತದೆ. ರಫು ಇದಕ್ಕಿಂತ ಸೂಕ್ಷ್ಮವಾದ ವಿದ್ಯೆ. ಉಡುಪಿನದೇ ಒಳಮಡಿಕೆಯಿಂದ ಎಳೆಗಳನ್ನು ಬಿಡಿಸಿಕೊಂಡು, ತೂತಿನಲ್ಲಿ ಸೂಜಿಯಿಂದ ಹಾಸು ಹೂಡಿ, ಹೊಕ್ಕು ತೂರಿಸಿ, ಕಾಸಿನಗಲದ ಬಟ್ಟೆಯನ್ನು ಅಲ್ಲಿಯೇ ನೇಯುವುದು. ಉತ್ತರ ಪ್ರದೇಶದ ನಜೀಬಾಬಾದಿನ ರಫೂಗಾರರು ಕಾಶ್ಮೀರದ ಶಾಲುಗಳನ್ನು ಹೀಗೆ ಸರಿಪಡಿಸುವುದಕ್ಕೆ ಹೆಸರಾದವರು. ಒಳಮಡಿಕೆಯೇ ಇಲ್ಲದ ಉಡುಪಿಗೆ ರಫೂಗಾರನೂ ನಿರುಪಾಯ.

ಬಟ್ಟೆಯ ಕೊನೆಯ ದಿನಗಳ ವಿಚಾರವಾಗಿ ಎಲ್ಲಕ್ಕಿಂತ ಸ್ವಾರಸ್ಯವಾದ ಸಂಭಾಷಣೆ ಬೌದ್ಧರ ವಿನಯಪಿಟಕದಲ್ಲಿದೆ. ಈ ಸೀಮೆಗೆ ಅದು ತೀರ ದೂರದ ಮಾತೂ ಅಲ್ಲ. ಬಹುಕಾಲ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದ್ದು ಈಗ ಸ್ವತಃ ತಾಲ್ಲೂಕಾಗಿರುವ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವೇ ಅಶೋಕನ ಹೆಸರನ್ನು ಹೇಳಿ, ಅವನು ಬುದ್ಧನ ಅನುಯಾಯಿಯೆಂಬುದನ್ನು ಸಾರಿದ್ದು. ಕೌಶಾಂಬಿಯ ಉದಯನ ರಾಜನ ಅಂತಃಪುರದ ಸ್ತ್ರೀಯರು ಬುದ್ಧನ ಶಿಷ್ಯ ಆನಂದನಿಗೆ 500 ಬಟ್ಟೆಗಳನ್ನು ದಾನಮಾಡಿದರಂತೆ. ಸಂನ್ಯಾಸಿಗೆ ಇಷ್ಟು ಬಟ್ಟೆ ಏಕೆಂದು ರಾಜನಿಗೆ ಅನುಮಾನ. ಅವನ ಪ್ರಶ್ನೆಗಳಿಗೆ ಆನಂದನು ಒಂದೊಂದಾಗಿ ಉತ್ತರಿಸುತ್ತಾನೆ. ಹೊಸವನ್ನು ಚೀವರ ಹರಿದ ಭಿಕ್ಷುಗಳಿಗೆ ಹಂಚಲಾಗುವುದು. ಹಳೆಯವು ಹಾಸಿಗೆಯ ಮೇಲುಹೊದಿಕೆಯಾಗುವುವು. ಆ ಹೊದಿಕೆಗಳು ಹಳತಾದರೆ ಹಾಸಿಗೆಯ ಗವಸು, ಗವಸು ಹಳತಾದರೆ ನೆಲದ ಹಾಸು, ಅದೂ ಹಳತಾದರೆ ಕಾಲೊರಸು, ಆಮೇಲೆ ಧೂಳು ಜಾಡಿಸುವ ಅರಿವೆ. ಕೊನೆಗೆ ಅದನ್ನು ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತಲಾಗುವುದು. ಉತ್ತರ ಕೇಳಿದ ರಾಜನು ಮತ್ತೂ 500 ಬಟ್ಟೆಗಳನ್ನು ತರಿಸಿಕೊಟ್ಟನೆಂದು ಕಥೆ ಮುಗಿಯುತ್ತದೆ. ದಾನಿಗಳಿಗೆ ಲೆಕ್ಕ ಒಪ್ಪಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ದೊರೆಯಲಾರದು. ಭಿಕ್ಷುಗಳ ಚೀವರದ ವಿನ್ಯಾಸವನ್ನೂ ಆನಂದನೇ ಮಾಡಿದನೆಂದು ಅದೇ ಗ್ರಂಥ ಹೇಳುತ್ತದೆ. ಮಗಧದ ಗದ್ದೆಗಳ ಬದುಗಳನ್ನು ಬುದ್ಧನು ತೋರಿಸಲು, ಅದೇ ಮಾದರಿಯಲ್ಲಿ ತುಂಡುಗಳನ್ನು ಪಟ್ಟಿಗಳಿಂದ ಕೂಡಿಸಿ ಹೊಲಿದನಂತೆ. ತುಂಡು ತುಂಡಾಗಿಯೇ ಹುಟ್ಟಿದ ಉಡುಪಿಗೆ ಇನ್ನೊಂದು ತುಂಡು ಸೇರಿದರೆ ಕುಂದೇನೂ ಕಾಣುವುದಿಲ್ಲ.

ಸಂಸ್ಕೃತದಲ್ಲಿ ತೇಪೆಗಳ ಹೊದಿಕೆಗೆ ‘ಕಂಥಾ’ ಎಂದು ಹೆಸರು. ಕನ್ನಡದ ಕಂತೆ, ಬಂಗಾಳಿಗಳ ಪ್ರಸಿದ್ಧವಾದ ಕಾಂಥಾ ಎರಡೂ ಅದರಿಂದಲೇ ಬಂದವು. ಉತ್ತರ ಕರ್ನಾಟಕದಲ್ಲಿ ಅದರ ಬಂಧು ಕೌದಿ. ಹಳೆಯ ಸೀರೆ, ಧೋತರ, ಲಂಗ, ಅಂಗಿಗಳನ್ನು ಬಿಚ್ಚಿ, ಒಗೆದು, ಅಂಗಳದಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಪದರು ಪದರಾಗಿ ಹಾಸಿ, ಹೊರ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ ಬರುತ್ತಾರೆ. ಮನೆಯ ಹೆಣ್ಣುಮಕ್ಕಳು ಹೊಲಿಯುವುದುಂಟು. ಊರೂರು ತಿರುಗುತ್ತ ಕೂಲಿಗೆ ಕೌದಿ ಹೊಲಿದುಕೊಡುವ ಅಲೆಮಾರಿ ಕುಟುಂಬಗಳ ಹೆಣ್ಣುಮಕ್ಕಳೂ ಉಂಟು. ಒಂದು ಸಾಲಿನಲ್ಲಿ ದಾರ ಕಡಿದರೆ ಪಕ್ಕದ ಸಾಲು ಪದರನ್ನು ಹಿಡಿದಿರುತ್ತದೆ. ಹಲ್ಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನಾಂಗದ ಹೆಂಗಸರು ಇಂಥದನ್ನೇ ಕವಂದಿಯೆಂಬ ಹೆಸರಿನಿಂದ ಹೊಲಿದು, ನಾಲ್ಕು ಮೂಲೆಗಳಿಗೆ ಮಡಿಕೆಯ ಬಟ್ಟೆಯ ಹೂ ಕೂಡಿಸುತ್ತಾರೆ. ಹೂವಿಲ್ಲದ ಕವಂದಿ ಬೆತ್ತಲೆಯೆಂಬುದು ಅವರ ಭಾವನೆ. ಹೊದಿಕೆಯಲ್ಲಿ ಮೊದಲು ಸವೆಯುವುದು ಮೂಲೆಯೇ ಆಗಿರುವಾಗ ಅಲ್ಲಿ ನಾಲ್ಕಾರು ಮಡಿಕೆ ಬಟ್ಟೆ ಸೇರುವುದು ಅಂದಕ್ಕಷ್ಟೇ ಅಲ್ಲ.

ಕೌದಿಗೆ ಈಗ ಬಂದಿರುವ ತೊಡಕು ಹಳೆಯ ಬಟ್ಟೆಯದೇ. ಮನೆಮನೆಗಳಲ್ಲಿ ಉಳಿಯುತ್ತಿರುವುದು ಪಾಲಿಯೆಸ್ಟರ್ ಸೀರೆಗಳು. ಅವುಗಳ ಪದರುಗಳು ಜಾರುತ್ತವೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ಬಿದ್ದರೆ ಕರಗಿ ತೂತಾಗುತ್ತವೆ. ಅವು ಹರಿಯುವುದು ನಿಧಾನವೆಂಬುದು ನಿಜ. ಪಾಲಿಯೆಸ್ಟರಿನ ಆ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಗಟ್ಟಿ ಇರುವುದು ಬೇರೆ, ಸರಿಪಡಿಸಲು ಬರುವುದು ಬೇರೆ. ಟೆರಿಕಾಟ್ ಅಂಗಿಯ ಮೈಮೇಲೆ ಗುಂಜು ಎದ್ದರೆ, ಅಂಚು ಕರಗಿದರೆ ಅದಕ್ಕೆ ಮದ್ದಿಲ್ಲ.

ಕಷ್ಟಕಾಲ ಬಂದಾಗ ದೊಡ್ಡ ದೇಶಗಳೂ ಸೂಜಿಯ ಕಡೆಗೆ ತಿರುಗಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಜಾರಿಗೊಳಿಸಿತು. 1943ರಲ್ಲಿ ಅಲ್ಲಿಯ ಸರ್ಕಾರವೇ ಇದ್ದುದನ್ನು ಹೊಲಿದು ತೊಡುವ ಬಗೆಯನ್ನು ಕಲಿಸುವ ಪುಸ್ತಿಕೆಯನ್ನು ಹಂಚಿತು. ಫ್ರಾನ್ಸಿನಲ್ಲಿ 2023ರಿಂದ ಉಡುಪು ಪಾದರಕ್ಷೆಗಳನ್ನು ದುರಸ್ತಿ ಮಾಡಿಸುವವರಿಗೆ ವೆಚ್ಚದಲ್ಲಿ ಒಂದು ಪಾಲು ರಿಯಾಯಿತಿ ದೊರೆಯುತ್ತಿದೆ. ಲಿಂಗಸುಗೂರಿನ ಸಂತೆಯಲ್ಲಿ ಯಂತ್ರ ಇಟ್ಟುಕೊಂಡು ಕುಳಿತು ಹರಿದ ಚೀಲ, ಜಿಪ್ಪು, ಚಡ್ಡಿಗಳನ್ನು ಹೊಲಿಯುವವನಿಗೆ ಅಂಥ ನೆರವೇನೂ ಇಲ್ಲ. ಅವನ ಮಗ ಆ ಯಂತ್ರದ ಮುಂದೆ ಕೂಡುವನೆಂಬ ಭರವಸೆಯೂ ಕಡಿಮೆ.

ಹೀಗಿರುವಲ್ಲಿ ಶಾಲೆಗಳಿಂದ ಆಗಬಹುದಾದ ಕೆಲಸ ಸಣ್ಣದಲ್ಲ. ನೂರಾರು ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ಒಮ್ಮೆಗೇ ಆರಿಸುವ ಅಧಿಕಾರ ಶಾಲೆಯ ಆಡಳಿತಕ್ಕೆ ಇರುತ್ತದೆ. ಒಬ್ಬ ತಂದೆಗೆ ಅಂಗಡಿಯವನು ಕೇಳದ ಮಾತನ್ನು ಒಂದು ಸಂಸ್ಥೆಗೆ ಕೇಳುತ್ತಾನೆ. ಬಟ್ಟೆಯ ಬಣ್ಣವನ್ನೂ ನಮೂನೆಯನ್ನೂ ವರ್ಷ ವರ್ಷಕ್ಕೆ ಬದಲಿಸದೆ ಇರಿಸಿದರೆ ಅಣ್ಣನದು ತಮ್ಮನಿಗೆ ಆಗುತ್ತದೆ. ಹಳೆಯ ಚಡ್ಡಿ ಹೊಸ ಚಡ್ಡಿಗೆ ತೇಪೆಯಾಗುತ್ತದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಚಡ್ಡಿಯ ಹಿಂಭಾಗಕ್ಕೆ ಹೊಲಿಯುವಾಗಲೇ ಒಳಗಿನಿಂದ ಎರಡನೆಯ ಪದರು ಕೊಡಿಸಬಹುದು. ಎಲ್ಲರ ಚಡ್ಡಿಗೂ ಅದು ಇದ್ದರೆ ಯಾರಿಗೂ ನಾಚಿಕೆಯಿಲ್ಲ. ಹೆಣ್ಣುಮಕ್ಕಳ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಿಕೆ, ಸೊಂಟದಲ್ಲಿ ಎರಡು ಬೆರಳು ಬಟ್ಟೆ ಬಿಟ್ಟರೆ ಎರಡು ವರ್ಷದ ಬೆಳವಣಿಗೆಗೆ ಸಾಕು. ಮಡಿಕೆಯೊಳಗೆ ಒಂದು ಗೇಣು ಹೆಚ್ಚಿನ ತುಂಡನ್ನು ಸಡಿಲವಾಗಿ ಟಾಕಿಸಿ ಇಟ್ಟರೆ ಅದು ಉಡುಪಿನೊಡನೆ ಒಗೆತಕ್ಕೆ ಬಿದ್ದು, ಉಡುಪು ಕುಗ್ಗಿದಷ್ಟು ತಾನೂ ಕುಗ್ಗಿ, ಬಣ್ಣವನ್ನೂ ಬಹುಮಟ್ಟಿಗೆ ಬಿಟ್ಟಿರುತ್ತದೆ. ಮುಂದೆ ಹಚ್ಚಿದ ತೇಪೆ ಎದ್ದು ಕಾಣುವುದಿಲ್ಲ. ಇವೆಲ್ಲಕ್ಕೂ ದರ್ಜಿ ಒಂದಿಷ್ಟು ಹೆಚ್ಚು ಕೂಲಿ ಕೇಳುವನು, ಅದು ಅವನ ಹಕ್ಕು. ಸಮವಸ್ತ್ರಕ್ಕೆಂದು ದಾನ ಕೊಡುವ ಮಹನೀಯರು ಮುನ್ನೂರು ಮಕ್ಕಳಿಗೆ ಆರು ತಿಂಗಳ ಬಟ್ಟೆ ಕೊಡುವುದೋ, ಅದೇ ಹಣದಲ್ಲಿ ಇನ್ನೂರು ಮಕ್ಕಳಿಗೆ ಎರಡು ವರ್ಷದ ಬಟ್ಟೆ ಕೊಡುವುದೋ ಎಂದು ಕೇಳಿಕೊಳ್ಳಬೇಕಾದ ಪ್ರಸಂಗ ಬಂದೀತು. ಉತ್ತರ ಅಷ್ಟು ಸುಲಭವಲ್ಲ. ಉಳಿದ ನೂರು ಮಕ್ಕಳ ಮುಖವೂ ಕಣ್ಣ ಮುಂದೆ ಇರುತ್ತದೆ. ಎರಡು ವರ್ಷದ ಬಟ್ಟೆ ಅಣ್ಣನಿಂದ ತಮ್ಮನಿಗೆ ಇಳಿಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಎರಡನೆಯದು ಮೇಲು.

ಮಕ್ಕಳಿಗೆ ಸೂಜಿ ಹಿಡಿಯಲು ಕಲಿಸುವ ಹೊಲಿಗೆಯ ತರಗತಿ ಹಿಂದೆ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾಗಿತ್ತು, ಅದು ತಪ್ಪು. ಗುಂಡಿ ಕಳೆದುಕೊಳ್ಳುವವರಲ್ಲಿ ಹುಡುಗರೇ ಹೆಚ್ಚು. ವಸತಿ ನಿಲಯದ ಹುಡುಗನೊಬ್ಬ ಗುಂಡಿ ಹಚ್ಚಲು, ಬಿಟ್ಟ ಹೊಲಿಗೆಯನ್ನು ಕೂಡಿಸಲು, ಒಂದು ತೇಪೆ ಹಾಕಲು ಕಲಿಯುವುದಕ್ಕೆ ನಾಲ್ಕು ಭಾನುವಾರಗಳು ಸಾಕು. ಗುಂಡಿಯನ್ನು ಬಟ್ಟೆಗೆ ಬಿಗಿದು ಹೊಲಿಯದೆ, ಕೆಳಗೆ ಒಂದು ಕಡ್ಡಿಯನ್ನಿಟ್ಟು ಸಡಿಲವಾಗಿ ಹೊಲಿದು, ಕಡ್ಡಿ ತೆಗೆದು, ಉಳಿದ ದಾರವನ್ನು ಗುಂಡಿಯ ಕೊರಳಿಗೆ ಸುತ್ತಬೇಕು. ಹಾಗೆ ಕೊರಳುಳ್ಳ ಗುಂಡಿ ಬಟ್ಟೆಯನ್ನು ಜಗ್ಗಿ ಹರಿಯುವುದಿಲ್ಲ.

ಮನೆಗಳಲ್ಲಿ ಹಳೆಯ ಕೌದಿಯ ಮೇಲ್ಬಟ್ಟೆ ಪೂರ್ಣ ಸವೆದುಹೋದಾಗ ಅದನ್ನು ಬಿಸಾಡುವ ರೂಢಿ ಇರಲಿಲ್ಲ. ಅದರ ಮೇಲೊಂದು ಕೆಳಗೊಂದು ಹಳೆಯ ಸೀರೆಯನ್ನು ಹಾಸಿ ಮತ್ತೆ ಅಂಚಿನಿಂದ ಹೊಲಿಯುತ್ತಿದ್ದರು. ತಲೆಮಾರಿನ ಹಿಂದಿನ ಧೋತರ, ಸೀರೆಗಳು ಹೀಗೆ ಒಳಗೆ ಸೇರುತ್ತ ಹೋಗಿ, ಕೌದಿ ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿತ್ತು. ಮಾಗಿಯ ಚಳಿಯಲ್ಲಿ ಮೊಮ್ಮಕ್ಕಳು ಜಗಳವಾಡುತ್ತಿದ್ದುದು ಆ ಭಾರವಾದ ಕೌದಿಗಾಗಿಯೇ.